ಬೈಗುಳ ಇರುವ ಪುಸ್ತಕ, ಮಕ್ಕಳ ಕೈಯಲ್ಲಿ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಲೇಖಕ ರುಡಾಲ್ಫೊ ಅನಾಯಾ ಅವರ ‘ಬ್ಲೆಸ್ ಮಿ, ಅಲ್ಟಿಮಾ’ ಕಾದಂಬರಿಯ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಹೈಸ್ಕೂಲು ಶಿಕ್ಷಕಿಯೊಬ್ಬರು ಕೇಳಿದ್ದಾರೆ: “ಬೈಗುಳ, ಕೊಲೆ, ಮಾಟ ಎಲ್ಲಾ ಇರುವ ಪುಸ್ತಕವನ್ನು ಶಾಲೆಯಿಂದ ತೆಗೆದರೆ ತಪ್ಪೇನು? ನಿಮ್ಮ ಮಗಳಿಗೆ ನೀವು ಕೊಡ್ತೀರಾ?”

ಮೇಡಂ, ಎರಡನೇ ಪ್ರಶ್ನೆಗೆ ಮೊದಲು ಉತ್ತರ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕೊಡಲಿಲ್ಲ. ಒಂಬತ್ತಕ್ಕೆ ಬಂದಾಗ ಕೊಟ್ಟೆ.

ನೀವು ಹೇಳಿದ್ದೆಲ್ಲ ಅದರಲ್ಲಿದೆ, ಸುಳ್ಳಲ್ಲ. ನ್ಯೂ ಮೆಕ್ಸಿಕೊದ ಸಣ್ಣ ಊರಿನ ಕಥೆ. ಕಥೆಯ ಹುಡುಗ ಆಂಟೋನಿಯೊಗೆ ಇನ್ನೇನು ಏಳು ತುಂಬಬೇಕು, ಆಗ ಅಲ್ಟಿಮಾ ಎಂಬ ಮುದುಕಿ ಮನೆಗೆ ಬರುತ್ತಾಳೆ. ಸೂಲಗಿತ್ತಿ, ಗಿಡಮೂಲಿಕೆ ಬಲ್ಲವಳು. ನಮ್ಮ ಕಡೆಯಾದರೆ ನಾಟಿ ಔಷಧಿ ಕೊಡುವ ಅಜ್ಜಿ ಅಂತೀವಿ. ಹುಡುಗನ ಅಪ್ಪ ಬಯಲಿನಲ್ಲಿ ಕುದುರೆ ಹತ್ತಿ ದನ ಕಾಯ್ದವನು. ಅಮ್ಮ ಬೇಸಾಯದ ಮನೆಯವಳು, ಮಗ ಪಾದ್ರಿಯಾಗಲಿ ಅಂತ ಅವಳಾಸೆ. ಹುಡುಗ ಕಣ್ಣೆದುರೇ ಸಾವು ನೋಡುತ್ತಾನೆ. ದೇವರು ಯಾಕೆ ಸುಮ್ಮನಿದ್ದಾನೆ ಅಂತ ಕೇಳುತ್ತಾನೆ. ದೊಡ್ಡವರಿಗೆ ಚುಚ್ಚಿದ್ದು ಬೈಗುಳಕ್ಕಿಂತ ಜಾಸ್ತಿ ಈ ಪ್ರಶ್ನೆಯೇ ಅಂತ ನನ್ನ ಅನುಮಾನ. ಬೈಗುಳದ ಮೇಲೆ ದೂರು ಕೊಡೋದು ಸುಲಭ, ಅಲ್ವಾ?

ತೆಗೆದರೆ ತಪ್ಪೇನು ಅಂದಿರಿ. ತೆಗೆದ ರೀತಿ ನೋಡಿ. ಪುಸ್ತಕ ಬಂದಿದ್ದು 1972ರಲ್ಲಿ. 1981ರಲ್ಲಿ ಅನಾಯಾ ಅವರ ಸ್ವಂತ ರಾಜ್ಯ ನ್ಯೂ ಮೆಕ್ಸಿಕೊದ ಬ್ಲೂಮ್‌ಫೀಲ್ಡ್‌ನಲ್ಲಿ ಪ್ರತಿಗಳನ್ನು ಸುಟ್ಟರು. 2005ರಲ್ಲಿ ಕೊಲೊರಾಡೊದ ನಾರ್‌ವುಡ್‌ನಲ್ಲಿ ಒಂಬತ್ತನೇ ತರಗತಿಯ ಸುಮಾರು ಎರಡು ಡಜನ್ ಪ್ರತಿಗಳನ್ನು ಶಾಲಾ ಅಧಿಕಾರಿ ವಾಪಸ್ ತೆಗೆದುಕೊಂಡು, ನಾಶ ಮಾಡಲೆಂದು ಪೋಷಕರ ಕೈಗೇ ಕೊಟ್ಟರು. ಯಾವ ವಯಸ್ಸಿಗೆ ಯಾವ ಪುಸ್ತಕ ಅನ್ನುವ ಮಾತು ನಡೆದಿದ್ದರೆ ನಾನೂ ಕಿವಿಗೊಡುತ್ತಿದ್ದೆ. ಕಸದ ಬುಟ್ಟಿಯ ಜೊತೆ ಏನು ಮಾತು? ಮಕ್ಕಳು ಸುಮ್ನೆ ಕೂರಲಿಲ್ಲ. ಶಾಲೆಯ ಜಿಮ್‌ನಲ್ಲಿ ದಿನವಿಡೀ ಧರಣಿ ಹೂಡಿ, ಅದೇ ಪುಸ್ತಕವನ್ನು ಗಟ್ಟಿಯಾಗಿ ಓದಿದರು. ಆಮೇಲೆ ಅಧಿಕಾರಿ ಕ್ಷಮೆ ಕೇಳಿದರು.

ಇನ್ನೊಂದು ಮಾತು. ಅನಾಯಾ ಕೂಡ ನಿಮ್ಮ ಹಾಗೆ ಮೇಷ್ಟ್ರಾಗಿದ್ದವರು. ಆಲ್ಬುಕರ್ಕಿಯ ಶಾಲೆಗಳಲ್ಲಿ ಹಗಲು ಪಾಠ ಮಾಡುತ್ತಾ ರಾತ್ರಿ ಬರೆದರು, ಈ ಪುಸ್ತಕಕ್ಕೆ ಸುಮಾರು ಏಳು ವರ್ಷ ಹಿಡಿಯಿತು. ಹದಿಹರೆಯದವರ ಮುಂದೆ ದಿನವೂ ನಿಂತವರು.

ನಮ್ಮ ಮನೆಯ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮಗಳು ಅಲ್ಲಲ್ಲಿ ಪೆನ್ಸಿಲ್ ಗೀಟು ಹಾಕಿದ್ದಾಳೆ. ಜಾಸ್ತಿ ಗೀಟು ಇರುವುದು ಚಿನ್ನದ ಬಣ್ಣದ ಮೀನು ಬರುವ ಪುಟಗಳಲ್ಲಿ. ಪೂರ್ತಿ ಓದಿ. ಆಮೇಲೂ ಬೇಡ ಅನ್ನಿಸಿದರೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

– ಸಂ.