ನಾಲ್ಕು ಹಲ್ಲು ಕೀಳಿಸಲೇಬೇಕೇ?

ಪ್ರಶ್ನೆ: ಮಗಳಿಗೆ 14 ವರ್ಷ. ಹಲ್ಲು ಸಾಲಾಗಿಯೇ ಇವೆ, ತುಟಿ ಸ್ವಲ್ಪ ಮುಂದಿದೆ. ಮನೆಯಲ್ಲಿ ಎಲ್ಲರದೂ ಹಾಗೇ. ಕ್ಲಿಪ್ ಹಾಕುವ ಡಾಕ್ಟರು ಪಕ್ಕದಿಂದ ಎಕ್ಸ್-ರೇ ತೆಗೆದು, ‘ಮೇಲಿನ ಬಾಚಿಹಲ್ಲು 22 ಡಿಗ್ರಿ ಇರಬೇಕು, 29 ಇದೆ, ನಾಲ್ಕು ಹಲ್ಲು ತೆಗೆಯಬೇಕು’ ಎಂದರು. ಈ ಲೆಕ್ಕ ನಮಗೂ ಸರಿಯೇ?
– ಒಬ್ಬ ತಾಯಿ, ಹಾಸನ

ಉತ್ತರ: 22 ಡಿಗ್ರಿ ಎಂಬುದು ಮೇಲಿನ ಬಾಚಿಹಲ್ಲು ಎಷ್ಟು ಮುಂದಕ್ಕೆ ವಾಲಿರಬೇಕು ಎಂದು ಅಮೆರಿಕದ ದಂತವೈದ್ಯ ಸ್ಟೈನರ್ 1953ರಲ್ಲಿ ಕೊಟ್ಟ ಅಂಕಿ. ಅದಕ್ಕೂ ಮುಂಚೆ, ಇಂಥದೇ ಎಕ್ಸ್-ರೇ ಅಳತೆಗಳಿಗೆ 1948ರಲ್ಲಿ ಡೌನ್ಸ್ ಎಂಬ ದಂತವೈದ್ಯ ಕೊಟ್ಟ ಮಾನದಂಡಕ್ಕೆ ಆಧಾರವಾದದ್ದು 12ರಿಂದ 17 ವರ್ಷದ ಬರೀ 20 ಬಿಳಿಯ ಮಕ್ಕಳು. ನಮ್ಮ ಕಡೆ ಮೇಲಿನ, ಕೆಳಗಿನ ಹಲ್ಲು ಚೆನ್ನಾಗಿ ಕೂಡುವ ಬಾಯಲ್ಲೂ ಬಾಚಿಹಲ್ಲು ಇದಕ್ಕಿಂತ ಮುಂದಕ್ಕೆ ವಾಲಿರುವುದು ಸಾಮಾನ್ಯ. ಹಾಗಾಗಿ 29 ಡಿಗ್ರಿಯೊಂದೇ ಹಲ್ಲು ಕೀಳಲು ಕಾರಣವಾಗದು. ಮೂಗಿನ ತುದಿಯಿಂದ ಗದ್ದಕ್ಕೆ ಗೆರೆ ಎಳೆದು ತುಟಿ ಅಳೆಯುವ ಪದ್ಧತಿಯಲ್ಲೂ ಇದೇ ತೊಡಕು: ಮೂಗು ಗಿಡ್ಡವಾಗಿದ್ದರೆ ಅಥವಾ ಗದ್ದ ಹಿಂದಿದ್ದರೆ ಗೆರೆಯೇ ಹಿಂದೆ ಸರಿಯುತ್ತದೆ, ಹಲ್ಲು ಸರಿಯಿದ್ದರೂ ತುಟಿ ಮುಂದಿದ್ದಂತೆ ಕಾಣುತ್ತದೆ.

ಹಾಗೆಂದು ‘ನಮ್ಮ ವಂಶದ ಮುಖವೇ ಹೀಗೆ’ ಎಂದು ಬಿಟ್ಟುಬಿಡಬೇಡಿ. ಮಗಳು ಟಿವಿ ನೋಡುತ್ತಾ ಮೈಮರೆತು ಕೂತಾಗ ಗಮನಿಸಿ. ತುಟಿಗಳ ನಡುವೆ 4 ಮಿ.ಮೀ.ಗಿಂತ ಹೆಚ್ಚು ಸಂದಿ ಉಳಿಯುತ್ತದೆಯೇ? ಬಾಯಿ ಮುಚ್ಚಿದಾಗ ಗದ್ದದ ಚರ್ಮ ಬಿಗಿದು ಗುಳಿಗುಳಿಯಾಗುತ್ತದೆಯೇ? ಎರಡೂ ಇದ್ದರೆ ಡಾಕ್ಟರ ಸಲಹೆಯಲ್ಲಿ ಹುರುಳಿದೆ. ತುಟಿ ಸಲೀಸಾಗಿ ಕೂಡುತ್ತಿದ್ದರೆ ಕೀಳಿಸುವ ಅವಸರ ಖಂಡಿತ ಬೇಡ.

ಲೆಕ್ಕ ನೋಡಿ. ಕೋರೆಹಲ್ಲಿನ ಹಿಂದಿನ ಹಲ್ಲು ಸುಮಾರು 7 ಮಿ.ಮೀ. ಅಗಲ, ಎರಡು ತೆಗೆದರೆ ಒಂದು ಸಾಲಿನಲ್ಲಿ 14 ಮಿ.ಮೀ. ಜಾಗ. ಹಲ್ಲು ಒತ್ತೊತ್ತಾಗಿದ್ದರೆ ಅದರಲ್ಲಿ ಬಹುಪಾಲು ಸಾಲು ನೇರ ಮಾಡಲಿಕ್ಕೇ ಖರ್ಚಾಗುತ್ತದೆ. ನಿಮ್ಮ ಮಗಳ ಹಲ್ಲು ಒತ್ತೊತ್ತಾಗಿಲ್ಲ, ದವಡೆಹಲ್ಲು ಮುಂದೆ ಸರಿದು ತುಂಬಿದ್ದು ಬಿಟ್ಟರೆ ಉಳಿದ ಜಾಗಕ್ಕೆಲ್ಲ ಬಾಚಿಹಲ್ಲೇ ಹಿಂದೆ ಹೋಗುತ್ತದೆ. ಅತಿಯಾಗಿ ಎಳೆದರೆ ಬೇರು ತೆಳು ಮೂಳೆಗೆ ತಾಗಿ ಸವೆಯಬಹುದು, ವಸಡು ಇಳಿಯಬಹುದು. ಮೂಗು, ಗದ್ದ ಇನ್ನೂ ಬೆಳೆಯುವ ವಯಸ್ಸಾದ್ದರಿಂದ ಮುಂದೆ ತುಟಿ ಒಳಕ್ಕೆ ಕುಸಿದಂತೆಯೂ ಕಾಣಬಹುದು.

ಎಕ್ಸ್-ರೇಯನ್ನೂ ಪರಿಶೀಲಿಸಿ. ಹಲ್ಲು ಕಚ್ಚಿ, ತುಟಿ ಸಡಿಲ ಬಿಟ್ಟು ತೆಗೆದಿರಬೇಕು. ತುಟಿ ಬಿಗಿಹಿಡಿದಿದ್ದರೆ ಸಂದಿ ಮರೆಯಾಗುತ್ತದೆ. ಚಿತ್ರ ನಿಜ ಗಾತ್ರಕ್ಕಿಂತ ಶೇ. 10ರಷ್ಟು ದೊಡ್ಡದಾಗಿ ಮೂಡಬಹುದು. ಕೋನಗಳು ಬದಲಾಗವು, ಮಿ.ಮೀ. ಅಳತೆಗೆ ಚಿತ್ರದಲ್ಲೇ ಸ್ಕೇಲ್ ಇರಬೇಕು.

ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿ: ಎಕ್ಸ್-ರೇ ಅಳೆಯುವ ಸಾಫ್ಟ್‌ವೇರಿನಲ್ಲಿ ಯಾವ ಜನರ ಮಾನದಂಡ ಆಯ್ದಿದ್ದೀರಿ? ಬಾಚಿಹಲ್ಲನ್ನು ಎಷ್ಟು ಮಿ.ಮೀ. ಹಿಂದೆ ತರುತ್ತೀರಿ? ಎರಡಕ್ಕೂ ಸ್ಪಷ್ಟ ಉತ್ತರ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.