ನಾಯಿಗೆ ಶಾಕ್ ಕಾಲರ್ ಹಾಕಿ ಕಲಿಸುವುದು ಸರಿಯೇ?

ಕರೆದರೆ ಬರದ ನಾಯಿಗೆ ಎಲೆಕ್ಟ್ರಾನಿಕ್ ಕಾಲರ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಈ ಕಾಲರ್‌ನ ಒಳಬದಿಯಲ್ಲಿ ಎರಡು ಲೋಹದ ತುದಿಗಳಿರುತ್ತವೆ. ಅವು ಕುತ್ತಿಗೆಯ ಚರ್ಮಕ್ಕೆ ಒತ್ತಿಕೊಂಡೇ ಇರಬೇಕು. ರಿಮೋಟ್ ಒತ್ತಿದರೆ ಶಾಕ್. 'ಸುಮ್ನೆ ಚುರುಕ್ ಅನ್ನುತ್ತೆ ಅಷ್ಟೇ' ಅನ್ನುತ್ತಾರೆ. ಏನೂ ಅನ್ನಿಸದಿದ್ದರೆ ನಾಯಿ ಯಾಕೆ ಮಾತು ಕೇಳಬೇಕು, ಅಲ್ವಾ? ನೋವು ತಪ್ಪಿಸಿಕೊಳ್ಳಬೇಕು ಅಂತಲೇ ಅದು ಕೇಳುವುದು.

ಶಾಕ್ ಯಾಕೆ ಬಂತು ಅಂತ ಅದಕ್ಕೆ ಯಾರು ಹೇಳುತ್ತಾರೆ? ನಮ್ಮ ಬೀದಿಯಲ್ಲಿ ಒಂದು ಲ್ಯಾಬ್ರಡಾರ್ ಇತ್ತು. ಸೈಕಲ್ ಹಿಂದೆ ಓಡಿದಾಗಲೆಲ್ಲ ಬಟನ್ ಒತ್ತುತ್ತಿದ್ದರು. ಸ್ವಲ್ಪ ದಿನಕ್ಕೆ ಸೈಕಲ್ ಬೆಲ್ ಕೇಳಿದರೆ ಸಾಕು, ಗೇಟಿನ ಹಿಂದೆ ಮುದುಡಿಕೊಂಡು, ಬಾಲ ಒಳಗೆಳೆದು ನಡುಗುತ್ತಿತ್ತು. ಓಡುವುದು ನಿಂತಿತು ನಿಜ. ಅದನ್ನು ಕಲಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕರೆದರೆ ಬರದಿರುವಂಥ ತೊಂದರೆಗಳನ್ನೇ ಅಲ್ಲಿ ನೋಡಿದ್ದರು. ಕಾಲರ್‌ನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಒತ್ತಡದ ಲಕ್ಷಣ ಮಾತ್ರ ಜಾಸ್ತಿ ಕಂಡಿತು. ಅದೂ ಪಳಗಿದ ತರಬೇತುದಾರರ ಕೈಯಲ್ಲಿ! ವೇಲ್ಸ್ 2010ರಲ್ಲೇ ಇದನ್ನು ನಿಷೇಧಿಸಿದೆ.

ಕುರಿ ಹಿಡಿಯುವ, ರಸ್ತೆಗೆ ನುಗ್ಗುವ ನಾಯಿಯ ಜೀವ ಇದರಿಂದ ಉಳಿಯುತ್ತದೆ ಎನ್ನುವವರಿದ್ದಾರೆ. ಅವರ ಭಯ ಅರ್ಥವಾಗುತ್ತದೆ. ಆದರೆ ಆ ಕೆಲಸಕ್ಕೆ ಹಗ್ಗ, ಬೇಲಿ ಇವೆ. ನಿಮ್ಮ ನಾಯಿಗೆ ಹತ್ತು ಮೀಟರ್ ಹಗ್ಗ ಕಟ್ಟಿ ಬಯಲಿಗೆ ಕರೆದೊಯ್ಯಿರಿ. ಹೆಸರು ಕೂಗಿ. ತಿರುಗಿ ನೋಡಿದ ತಕ್ಷಣ ಹೊಗಳಿ, ಹತ್ತಿರ ಬಂದರೆ ಬೇಯಿಸಿದ ಕೋಳಿ ತುಂಡು ಕೊಡಿ. ತಡವಾಗಿ ಬಂದರೂ ಬೈಯಬೇಡಿ.