ಖಾತ್ ಎಲೆ ಜಗಿಯೋದು ನಮ್ಮ ಎಲೆ-ಅಡಿಕೆ ಇದ್ದ ಹಾಗೇನಾ?

ನಿಮ್ಮ ಪ್ರಶ್ನೆ ಓದಿದೆ. ತಮ್ಮ ಇಥಿಯೋಪಿಯಾದ ದಿರೆ ದಾವಾದಲ್ಲಿ ಲೆಕ್ಚರರ್, ಬಿಪಿ ಇದೆ, ಅಲ್ಲಿನವರ ಜೊತೆ ಸೇರಿ ಖಾತ್ ಜಗಿಯೋಕೆ ಶುರು ಮಾಡಿದ್ದಾನೆ, ಕೇಳಿದರೆ "ನಮ್ಮ ಎಲೆ-ಅಡಿಕೆ ಥರ ಕಣಕ್ಕಾ" ಅಂತಾನೆ ಎಂದು ಬರೆದಿದ್ದೀರಿ. ನಾನು ಚಿಕ್ಕಮಗಳೂರು ಕಡೆಯವನು. ಅದೇ ದೇಶದ ಹರಾರ್ ಊರಿನ ಹತ್ತಿರ ಐದು ವರ್ಷ ಪಾಠ ಮಾಡಿ ಬಂದಿದ್ದೇನೆ. ಒಂದಷ್ಟು ಕಾಲ ಆ ಎಲೆಯನ್ನು ಜಗಿದೂ ಇದ್ದೇನೆ. ಎರಡೂ ಒಂದೇ ಅಲ್ಲ.

ಮೊದಲು ಬಿಪಿ ವಿಷಯ. ಖಾತ್‌ಗೆ ಅಲ್ಲಿ ಚಾತ್ ಅಂತಾರೆ. ಅದರ ಎಳೆ ಚಿಗುರಿನಲ್ಲಿ ಕ್ಯಾಥಿನೋನ್ ಅನ್ನುವ ವಸ್ತು ಇದೆ. ಆಂಫೆಟಮೈನ್ ಅನ್ನುವ ಉತ್ತೇಜಕ ಮಾದಕದ ಗುಂಪಿಗೆ ಸೇರಿದ್ದು, ಮಾಡುವ ಕೆಲಸವೂ ಅದರದ್ದೇ, ಜೋರು ಸ್ವಲ್ಪ ಕಮ್ಮಿ. ಜಗಿಯುತ್ತಾ ಹೋದ ಹಾಗೆ ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಬಾಯಿಂದ ಎಲೆ ಉಗುಳಿದ ಮೇಲೂ ಕೆಲವು ಗಂಟೆ ಇಳಿಯುವುದಿಲ್ಲ. ಯೆಮನ್‌ನಲ್ಲಿ ಹೃದಯಾಘಾತ ಆದವರನ್ನು ನೋಡಿ ಮಾಡಿದ ಅಧ್ಯಯನದಲ್ಲಿ, ಜಾಸ್ತಿ ಜಗಿಯುವವರಿಗೆ ಅಪಾಯವೂ ಜಾಸ್ತಿ ಅಂತ ಕಂಡುಬಂದಿದೆ. ಬಿಪಿ ಮಾತ್ರೆ ತಗೊಳ್ಳುವವನು ಚಾತ್ ಜಗಿದರೆ, ಒಂದು ಕಡೆಯಿಂದ ಇಳಿಸಿ ಇನ್ನೊಂದು ಕಡೆಯಿಂದ ಏರಿಸಿದ ಹಾಗೆ. ನಿಮ್ಮ ತಮ್ಮ ಇದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಲೇಬೇಕು. ಉಳಿದದ್ದೆಲ್ಲ ಆಮೇಲೆ.

ಈಗ ಎಲೆ-ಅಡಿಕೆ ಮಾತು. ಅಡಿಕೆಯೂ ಸುಮ್ನೆ ಬಿಡುವಂಥದ್ದಲ್ಲ, ಬಾಯಿ ಕ್ಯಾನ್ಸರ್ ತರುತ್ತದೆ ಅನ್ನುವುದು ಗೊತ್ತಿರುವ ಸಂಗತಿ. ಆದರೆ ನಮ್ಮಲ್ಲಿ ಊಟ ಆದ ಮೇಲೆ ಎಲೆ ಹಾಕಿಕೊಂಡು ಎದ್ದು ಕೆಲಸಕ್ಕೆ ಹೋಗುತ್ತಾರೆ. ಚಾತ್‌ಗೆ ಕೂರಬೇಕು. ಅದಕ್ಕೆ ಬೆರ್ಚಾ ಅಂತ ಹೆಸರು. ಮಧ್ಯಾಹ್ನ ಊಟ ಮುಗಿಸಿ, ಕೋಣೆಯಲ್ಲಿ ಚಾಪೆ-ದಿಂಬು ಹಾಕಿ, ಧೂಪ ಹಚ್ಚಿ, ಕಟ್ಟು ಬಿಚ್ಚುತ್ತಾರೆ. ಎಳೆ ಎಲೆ ಆರಿಸಿ ಒಂದೊಂದೇ ಜಗಿದು ದವಡೆಯಲ್ಲಿ ಒತ್ತಿಡುತ್ತಾರೆ. ಕಹಿಗೆ ಸಕ್ಕರೆ, ಕಡಲೆಕಾಯಿ, ಸಿಹಿ ಟೀ. ಒಂದು ಗಂಟೆ ಹೋದ ಮೇಲೆ ಮಾತು ಹರಿಯುತ್ತದೆ. ಎಲ್ಲರೂ ಸ್ನೇಹಿತರು, ಎಲ್ಲ ಕೆಲಸವೂ ನಾಳೆಯೇ ಆಗಿಹೋಗುತ್ತದೆ ಅನ್ನಿಸುತ್ತದೆ. ಈ ಸ್ಥಿತಿಗೆ ಮಿರ್ಕಾನಾ ಅಂತಾರೆ. ಕತ್ತಲಾಗುವ ಹೊತ್ತಿಗೆ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ.

ಮನೆಗೆ ಬಂದರೆ ಹಸಿವಿಲ್ಲ, ನಿದ್ದೆ ಇಲ್ಲ. ನಾನು ಶನಿವಾರ ಮಾತ್ರ ಅಂತ ಶುರು ಮಾಡಿದವನು. ಊರಲ್ಲಿ ಒಬ್ಬನೇ, ಕರೆದು ಕೂರಿಸಿಕೊಳ್ಳುವವರು ಅವರೇ. ಎರಡನೇ ವರ್ಷಕ್ಕೆ ವಾರದಲ್ಲಿ ನಾಲ್ಕು ದಿನ ಆಯಿತು. ರಾತ್ರಿ ಮೂರರವರೆಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದೆ, ಬೆಳಗ್ಗೆ ಕ್ಲಾಸಿನಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೆ. ಮಲಬದ್ಧತೆ ಶುರುವಾಗಿ ಮೂಲವ್ಯಾಧಿಗೆ ತಿರುಗಿತು. ಜಗಿಯುವವರಲ್ಲಿ ಇದು ತೀರಾ ಸಾಮಾನ್ಯ. ಆದರೂ ನಾನು ಡಾಕ್ಟರಿಗೆ ಮೊದಲ ಸಲ ಚಾತ್ ವಿಷಯ ಹೇಳಲಿಲ್ಲ. ನಿದ್ದೆ ಬರಲಿ ಅಂತ ಕೆಲವರು ಆಮೇಲೆ ಬಿಯರ್ ಕುಡಿಯುತ್ತಾರೆ, ಅದಕ್ಕೆ ಚೆಬ್ಸಿ ಅಂತಾರೆ. ನಿಮ್ಮ ತಮ್ಮ ಆ ಮಾತು ಆಡಿದರೆ ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಒಂದು ಚಟ ಎರಡಾಗುವುದು ಅಲ್ಲೇ.

ಅಲ್ಲಿನ ಜನರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಹರಾರ್‌ನಲ್ಲಿ ಹಿರಿಯರು ರಾತ್ರಿ ಪ್ರಾರ್ಥನೆಗೆ ಕೂತಾಗ ಎಚ್ಚರವಿರಲು ಇದನ್ನು ಜಗಿಯುತ್ತಾರೆ. ಮದುವೆಗೂ ಬೇಕು, ಸಾವಿನ ಮನೆಗೂ ಬೇಕು. ವಿದ್ಯಾರ್ಥಿಗಳು ಪರೀಕ್ಷೆ ಅಂತ ರಾತ್ರಿಯಿಡೀ ಜಗಿದು ಓದುತ್ತಾರೆ. ಬೆಳಗ್ಗೆ ಉತ್ತರಪತ್ರಿಕೆಯ ಮುಂದೆ ಕೈ ನಡುಗುತ್ತಾ ಕೂತವರನ್ನು ನಾನೇ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬ ಆಟೋ ಓಡಿಸುತ್ತಿದ್ದ. ತುಂಬಾ ಒಳ್ಳೆಯ ಮನುಷ್ಯ. ಎರಡು ಗಂಟೆಗೆ ಗಾಡಿ ನಿಲ್ಲಿಸಿಬಿಡುತ್ತಿದ್ದ. ಬೆಳಗಿನ ದುಡಿಮೆಯಲ್ಲಿ ಅರ್ಧ ಚಾತ್‌ಗೇ ಹೋಗುತ್ತಿತ್ತು, ಮಧ್ಯಾಹ್ನದ ದುಡಿಮೆ ಇರುತ್ತಲೇ ಇರಲಿಲ್ಲ. ಅವನ ಹೆಂಡತಿ ನಮ್ಮ ಮನೆಗೆ ಬಂದು ಮಗಳ ಸ್ಕೂಲಿಗೆ ಅಂತ ಸಾಲ ಕೇಳಿದ್ದು ಇವತ್ತಿಗೂ ನೆನಪಿದೆ. ಗಲಾಟೆ ಇಲ್ಲ, ಹೊಡೆತ ಇಲ್ಲ. ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಮನೆ ಸೋರುತ್ತಿತ್ತು.

ಕಾಫಿ ಸೀಮೆಯವನಾದ ನನಗೆ ಇನ್ನೊಂದು ಸಂಕಟ. ಕಾಫಿ ಹುಟ್ಟಿದ ದೇಶ ಅದು. ಹರಾರ್ ಸುತ್ತ ರೈತರು ಕಾಫಿ ಗಿಡ ಕಿತ್ತು ಚಾತ್ ಹಾಕಿದ್ದಾರೆ. ಕಾಫಿ ವರ್ಷಕ್ಕೊಂದು ಕೊಯ್ಲು, ಚಾತ್ ನೀರಿದ್ದರೆ ಎರಡು ಮೂರು ಸಲ, ಕೈಗೆ ಕೂಡಲೇ ಕಾಸು. ಅವರನ್ನು ಹೇಗೆ ಬೈಯೋದು? ಆದರೆ ಆ ನೀರು ಎಲ್ಲಿಂದ ಬರಬೇಕು? ಹರಾರ್ ಊರಿಗೆ ಕುಡಿಯುವ ನೀರು ಕೊಡುತ್ತಿದ್ದ ಹರಮಾಯಾ ಸರೋವರ 2000ದ ದಶಕದಲ್ಲಿ ಒಣಗಿ ನೆಲ ಕಂಡಿತು. ಚಾತ್ ತೋಟಗಳಿಗೆ ಪಂಪು ಹಾಕಿ ಎಳೆದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಕಿತ್ತ ಎಲೆಯ ಶಕ್ತಿ ಎರಡು ದಿನದಲ್ಲಿ ಇಳಿದುಬಿಡುತ್ತದೆ. ಹಾಗಾಗಿ ಅವದಾಯ್ ಸಂತೆಯಿಂದ ಜಿಬೂಟಿ, ಸೊಮಾಲಿಯಾ ಕಡೆ ಗಾಡಿಗಳು ಜೀವದ ಹಂಗು ಬಿಟ್ಟು ಓಡುತ್ತವೆ. ಆ ರಸ್ತೆಯಲ್ಲಿ ನಿಮ್ಮ ತಮ್ಮ ಹುಷಾರಾಗಿ ಓಡಾಡಲಿ.

ಇಥಿಯೋಪಿಯಾದಲ್ಲಿ ಚಾತ್‌ಗೆ ನಿಷೇಧ ಇಲ್ಲ. ಆದರೆ ಬ್ರಿಟನ್ 2014ರಲ್ಲಿ ನಿಷೇಧಿಸಿತು, ಸೌದಿಯಲ್ಲೂ ಬಿಡುವುದಿಲ್ಲ. ನಮ್ಮಲ್ಲಿ ಕ್ಯಾಥಿನೋನ್ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ರಜೆಗೆ ಬರುವಾಗ ಬ್ಯಾಗಿನಲ್ಲಿ ಒಂದು ಎಲೆಯೂ ಇರಬಾರದು, "ಸ್ನೇಹಿತರಿಗೆ ಕೊಡಿ" ಅಂತ ಯಾರಾದರೂ ಕೊಟ್ಟ ಪೊಟ್ಟಣವೂ ಇರಬಾರದು.

ಬಿಡೋದು ಕಷ್ಟವಾ ಅಂತ ಕೇಳಿದ್ದೀರಿ. ಹೆಂಡ ಬಿಡುವಷ್ಟು ಕಷ್ಟ ಇಲ್ಲ. ನನಗೆ ನಾಲ್ಕೈದು ದಿನ ಮೈ ಭಾರ, ಮಂಕು, ಕೆಟ್ಟ ಕನಸು. ಆಮೇಲೆ ಹಸಿವು ವಾಪಸ್ ಬಂತು. ನಿಜವಾದ ಕಷ್ಟ ಆ ಮಧ್ಯಾಹ್ನದ್ದು, ಎಲ್ಲರೂ ಬೆರ್ಚಾಗೆ ಹೋದ ಮೇಲೆ ಒಬ್ಬನೇ ಉಳಿಯುವುದು. ನನ್ನ ಅಮ್ಮ ದಿನಾ ಆ ಹೊತ್ತಿಗೆ ಫೋನ್ ಮಾಡುತ್ತಿದ್ದರು, ಊರಿನ ಸುದ್ದಿ ಹೇಳುತ್ತಿದ್ದರು, ಅಷ್ಟೇ. ಅಲ್ಲಿ ಎರಡು ಗಂಟೆ ಆದಾಗ ನಮ್ಮಲ್ಲಿ ನಾಲ್ಕೂವರೆ. ಬೈಯಬೇಡಿ, ಆ ಹೊತ್ತಿಗೆ ಫೋನ್ ಮಾಡಿ, ಬಿಪಿ ಎಷ್ಟಿದೆ ಅಂತ ಕೇಳಿ.